ಹನ್ನೊಂದು ನಿಮಿಷ ಮೊದಲಿನ ಸದ್ದು

ಬಂಟ್ವಾಳ
9 ನವೆಂಬರ್ 2025, ಭಾನುವಾರ

ಪ್ರಿಯ ಚಿದಾನಂದ,

ನಮ್ಮ ‘ವಾರಕ್ಕೊಂದು ಪದ’ ಆರು ವಾರಗಳಿಂದ ಪತ್ರಿಕೆಯಲ್ಲಿ ಬಂದಿಲ್ಲ. ಅದನ್ನು ನಿನಗೆ ತಿಳಿಸಿದವನು ಡೆಸ್ಕಿನ ಜಿತೇಶ್ ಎಂದು ನಿನ್ನ ಎರಡನೆಯ ಚೀಟಿಯಿಂದ ಗೊತ್ತಾಯಿತು. ತಪ್ಪು ಅವನದಲ್ಲ, ನಿನ್ನದೂ ಅಲ್ಲ. ನೀನು ಎಂದಿನಂತೆ ಇಂಗ್ಲಿಷ್ ಪದ ಮತ್ತು ಅದರ ಅರ್ಥವನ್ನು ಲಕೋಟೆಯಲ್ಲಿ ಹಾಕಿ ಮೂಡುಬಿದಿರೆಯ ಬಸ್ಸಿನಲ್ಲಿ ಕಳಿಸಿದ್ದೆ. ಮೂರು ಉದಾಹರಣೆ ವಾಕ್ಯ ಬರೆದು ಮುಂದಕ್ಕೆ ಕಳಿಸಬೇಕಾದವನು ನಾನು. ಬರೆಯಲಿಲ್ಲ. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ತಡವಾದದ್ದಕ್ಕೆ ಕ್ಷಮೆ ಇರಲಿ. ನಿನ್ನ ಮೊಣಕಾಲು ಈಗ ಹೇಗುಂಟು? ಬೆಳುವಾಯಿಯ ಆ ಎಣ್ಣೆಯಿಂದ ಗುಣವಾಗಿದ್ದರೆ ನನಗೂ ಒಂದು ಬಾಟಲಿ ಅದೇ ಬಸ್ಸಿನಲ್ಲಿ ಕಳಿಸು.

ಫೋನಿನಲ್ಲಿ ಹೇಳಬಹುದಿತ್ತು. ಮೂರು ಸಲ ಮಾಡಿದೆ. ಮೂರು ಸಲವೂ ನೀನು ಮಳೆಯ ಸುದ್ದಿ ಕೇಳಿದೆ, ನಾನು ಮಳೆಯ ಸುದ್ದಿ ಹೇಳಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಪದ ನಿನಗೆ ನೆನಪಿರಬೇಕು: ಬೂಮ್. ನಿನ್ನ ಚೀಟಿ ನನ್ನ ಮುಂದೆ ಇದೆ. “ಜೋರಾದ, ಆಳವಾದ, ಸ್ವಲ್ಪ ಹೊತ್ತು ಉಳಿಯುವ ಸದ್ದು. ಗುಡುಗು, ಫಿರಂಗಿ, ದೊಡ್ಡ ಅಲೆ, ಸ್ಫೋಟಕ್ಕೆ ಬಳಸುತ್ತಾರೆ. ಸಾಮಾನ್ಯವಾಗಿ ದೂರದಿಂದ ಕೇಳಿದ್ದಕ್ಕೆ. ತಟ್ಟನೆ ಕೇಳಿ ತಟ್ಟನೆ ನಿಲ್ಲುವ ಸದ್ದಿಗೆ ಈ ಪದ ಬೇಡ” ಎಂದು ಬರೆದಿದ್ದೀ. ಕೆಳಗೆ ಕೆಂಪು ಶಾಯಿಯಲ್ಲಿ “ಈ ಪದವನ್ನು ನೀನೇ ಕೇಳಿ ತರಿಸಿಕೊಂಡದ್ದು ಯಾಕೆ ಮಾರಾಯ?” ಎಂದು ಪ್ರಶ್ನೆ ಹಾಕಿದ್ದೀ. ಅದಕ್ಕೆ ಉತ್ತರ ಇದು.

ಸೆಪ್ಟೆಂಬರ್ ಕೊನೆಯ ವಾರ ನಮ್ಮ ಮನೆಗೆ ಒಬ್ಬಳು ಹುಡುಗಿ ಬಂದಳು. ಹೆಸರು ಭವ್ಯಶ್ರೀ, ಇಪ್ಪತ್ತನಾಲ್ಕು ವರ್ಷ, ಬೆಳ್ತಂಗಡಿಯಲ್ಲಿ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. “ನೀವು ಪೇಪರಿನಲ್ಲಿ ಇಂಗ್ಲಿಷ್ ಪದಕ್ಕೆ ಅರ್ಥ ಬರೆಯುವ ಕುಂಞಿ ಸರ್ ಅಲ್ವಾ? ನಿಮ್ಮದು ಎಲ್ಲ ಕತ್ತರಿಸಿ ಇಟ್ಟಿದ್ದೇನೆ. ಆದ್ರೆ ಈ ಪದ ಅದರಲ್ಲಿ ಇಲ್ಲ,” ಎಂದಳು. ಮಾಹಿತಿ ಹಕ್ಕಿನಲ್ಲಿ ಪಡೆದ ಒಂದು ಇಂಗ್ಲಿಷ್ ತನಿಖಾ ವರದಿಯ ಪ್ರತಿ ತೋರಿಸಿದಳು. ಅದರಲ್ಲಿ ಒಂದು ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. 2018ರ ಜೂನ್ ಐದರಂದು ಸಂಜೆ ಸುಮಾರು ಆರೂ ಮುಕ್ಕಾಲಕ್ಕೆ ಊರವರಿಗೆ ಜೋರಾದ ಒಂದು ಬೂಮ್ ಕೇಳಿಸಿತು, ಅದು ಮಸೀದಿಯಲ್ಲಿ ಸಿಡಿಸುವ ಕದಿನದ್ದು ಎಂದು ತಿಳಿದುಬಂದಿದೆ ಎಂಬುದು ಅದರ ಸಾರ.

“ಇದು ಎಂಥ ಸದ್ದಿಗೆ ಹೇಳುವುದು ಸರ್? ಕದಿನಕ್ಕಾ, ಕಲ್ಲು ಸಿಡಿಸುವುದಕ್ಕಾ?”

ಅವಳು ಪದ್ಮಯ್ಯನ ಮಗಳು. ಪದ್ಮಯ್ಯ ನಮ್ಮ ಗುಡ್ಡದಾಚೆಯ ಕರಿಕಲ್ಲಿನ ಕೋರೆಯಲ್ಲಿ ಸಿಡಿಮದ್ದು ತುಂಬಲು ಬಂಡೆಗೆ ತೂತು ಕೊರೆಯುತ್ತಿದ್ದವ. ಆ ಜೂನ್ ಐದರ ಸಂಜೆಯೇ ಸತ್ತ. ಮಳೆಗೆ ಬಂಡೆ ಜಾರಿ ಮೈಮೇಲೆ ಬಿತ್ತು ಎಂದು ದಾಖಲೆ ಹೇಳುತ್ತದೆ. ಆ ಹೊತ್ತಿಗೆ ಕೋರೆಯಲ್ಲಿ ಸ್ಫೋಟ ನಡೆದಿತ್ತು, ಅಪ್ಪ ಸತ್ತದ್ದು ಅದರಿಂದ ಎಂದು ಮಗಳು ಹೇಳುತ್ತಾಳೆ. ಅವಳ ತಾಯಿ ನೀಲಾವತಿ ಬೀಡಿ ಕಟ್ಟುತ್ತಾ ಅವಳನ್ನು ಓದಿಸಿದಳು. ಗಂಡ ಜಾರುವ ಬಂಡೆಯ ಕೆಳಗೆ ನಿಲ್ಲುವಷ್ಟು ಅಜಾಗರೂಕನಲ್ಲ ಎಂದು ಏಳು ವರ್ಷದಿಂದ ಆಕೆ ಹೇಳುತ್ತಲೇ ಇದ್ದಾಳೆ. ತಾಯಿ ಮಗಳು ಹಾಕಿದ ಕೇಸಿನಲ್ಲಿ ಕೋರ್ಟು ತೀರ್ಮಾನಿಸಬೇಕಾದದ್ದು ಒಂದೇ: ಆ ಸದ್ದು ಎಲ್ಲಿಯದು?

ಆ ಸಂಜೆಯ ವಿಷಯ ನಿನಗೆ ಸ್ವಲ್ಪ ಗೊತ್ತು. ಪೂರ್ತಿ ಗೊತ್ತಿಲ್ಲ. ಕ್ರಮವಾಗಿ ಹೇಳುತ್ತೇನೆ.

ನನ್ನ ಅಣ್ಣ ಅಬ್ದುಲ್ ರಹಿಮಾನ್, ನನಗೆ ‘ಕಾಕ’, ಊರಿಗೆ ‘ಅದ್ರಾಮಾಕ’, ನಮ್ಮ ಮಸೀದಿಯಲ್ಲಿ ಇಪ್ಪತ್ತೊಂಬತ್ತು ವರ್ಷ ರಂಜಾನಿನ ಕದಿನ ಸಿಡಿಸಿದವನು. ಕಬ್ಬಿಣದ ಕುಂಡಕ್ಕೆ ಮದ್ದು ತುಂಬಿ, ಇಟ್ಟಿಗೆ ಪುಡಿ ಹಾಕಿ ಗಟ್ಟಿಮಾಡಿ, ಸೂರ್ಯಾಸ್ತದ ಹೊತ್ತಿಗೆ ಉದ್ದದ ಕೋಲಿನ ತುದಿಯಿಂದ ಬೆಂಕಿ ಮುಟ್ಟಿಸುವುದು. ಆ ಸದ್ದು ಕೇಳಿದ ಮೇಲೆ ಊರು ಉಪವಾಸ ಬಿಡುವುದು, ಅನಂತರ ನಮಾಜಿಗೆ ಕರೆಯುವ ಬಾಂಗ್. ಗೋಡೆಯಲ್ಲಿ ಗಡಿಯಾರ ಇದ್ದರೂ ಯಾರೂ ನೋಡುತ್ತಿರಲಿಲ್ಲ. ಕಿವಿ ಕೊಟ್ಟು ಕುಳಿತಿರುವುದೇ ಅಭ್ಯಾಸ.

ಆ ದಿನ ಉಪವಾಸ ಬಿಡುವ ಸಮಯ ಆರು ಐವತ್ತೇಳು. ಮೋಡ ಕವಿದು ಬೇಗ ಕತ್ತಲಾಗಿತ್ತು. ಆರು ನಲವತ್ತಾರಕ್ಕೆ ಒಂದು ಸದ್ದು ಕೇಳಿತು. ಊರಿಗೆ ಊರೇ ಖರ್ಜೂರ ಬಾಯಿಗೆ ಹಾಕಿತು. ಅತ್ತಿಗೆ ಬೀಫಾತಿಮಾ ಹೇಳುವಂತೆ ಅವರ ಮನೆಯಲ್ಲಿ ಗಂಜಿಯ ಎರಡನೆಯ ಬಟ್ಟಲು ಬಡಿಸುತ್ತಿದ್ದಾಗ ಇನ್ನೊಂದು ಸದ್ದು ಕೇಳಿತು, ಅದರ ಬೆನ್ನಿಗೇ ಬಾಂಗ್. ಬಟ್ಟಲು ಹಿಡಿದವರು ಹಿಡಿದ ಹಾಗೇ ಗಡಿಯಾರ ನೋಡಿದರಂತೆ.

ಹತ್ತು ನಿಮಿಷದಲ್ಲಿ ಮಸೀದಿಯ ಅಂಗಳದಲ್ಲಿ ಐವತ್ತು ಜನ. ನಾನೂ ಇದ್ದೆ. ಎಲ್ಲರ ಒಂದು ದಿನದ ಉಪವಾಸ ಹೋಗಿತ್ತು, ಅದನ್ನು ಮತ್ತೆ ಹಿಡಿಯಬೇಕು. ಸಿಟ್ಟಿನ ನಡುವೆ ತಮಾಷೆಯೂ ಇತ್ತು. “ಅದ್ರಾಮಾಕ, ಎಲ್ಲರ ವಾಚು ದುಬೈದು, ನಿಮ್ಮದು ಮಲೇಶ್ಯಾದ್ದಾ?” ಎಂದು ಒಬ್ಬ. “ಅವರಿಗೆ ಹಸಿವಾಯ್ತು, ನಮಗೂ ಆಗಿರಬಹುದು ಅಂತ ಕನಿಕರ,” ಎಂದು ಇನ್ನೊಬ್ಬ. ಅಣ್ಣ ನಗಲಿಲ್ಲ. “ನಂದು ಒಂದೇ. ಈಗ ಕೇಳಿದ್ದು ಮಾತ್ರ ನಂದು,” ಎಂದ.

“ಹಾಗಾದ್ರೆ ಮೊದಲಿನದ್ದು ಯಾರದ್ದು? ಆಕಾಶದ್ದಾ?”

“ನಂಗೆ ಗೊತ್ತಿಲ್ಲ. ಕುಂಡ ಎರಡು ಉಂಟು. ಒಂದು ಬಿಸಿ, ಇನ್ನೊಂದು ತಣ್ಣಗೆ ಉಂಟು. ಮುಟ್ಟಿ ನೋಡಿ.”

ಯಾರೂ ಬಗ್ಗಿ ಮುಟ್ಟಲಿಲ್ಲ. ಒಂದನ್ನು ಅವಸರದಲ್ಲಿ ಮೊದಲೇ ಸಿಡಿಸಿ, ತಪ್ಪು ಮುಚ್ಚಲು ಸರಿಯಾದ ಸಮಯಕ್ಕೆ ಇನ್ನೊಂದನ್ನು ಸಿಡಿಸಿದ ಎಂದು ಜನ ತೀರ್ಮಾನಿಸಿ ಆಗಿತ್ತು. ಐವತ್ತು ಜನರಲ್ಲಿ ಅವನ ತಮ್ಮನೂ ಒಬ್ಬನಿದ್ದ. ನಾನೂ ಮುಟ್ಟಲಿಲ್ಲ.

ಎಂಟೂವರೆಗೆ ನಾನು ಪತ್ರಿಕೆಗೆ ಸುದ್ದಿ ಕಳಿಸಿದೆ. ಮರುದಿನ ಒಳಪುಟದ ಚೌಕದಲ್ಲಿ ‘ಅವಧಿಗೆ ಮೊದಲೇ ಸಿಡಿದ ಕದಿನ’ ಎಂದು ಬಂತು. ನಾಲ್ಕೇ ಸಾಲು. ಅಲ್ಲಿ ಹೆಸರು ಹಾಕುವ ಕ್ರಮ ಇಲ್ಲ, ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ. ಕದಿನ ಹನ್ನೊಂದು ನಿಮಿಷ ಮುಂಚೆ ಸಿಡಿದು ಊರವರ ಉಪವಾಸ ಭಂಗವಾಯಿತು, ಬಳಿಕ ಸರಿಯಾದ ಸಮಯಕ್ಕೆ ಮತ್ತೊಮ್ಮೆ ಸಿಡಿಸಲಾಯಿತು ಎಂದು ಬರೆದಿದ್ದೆ. ಅಣ್ಣ ಅದನ್ನು ಒಪ್ಪಿಲ್ಲ ಎಂದು ಹೇಳಲು ಐದನೆಯ ಸಾಲು ಬೇಕಿತ್ತು. ಜಾಗ ಇರಲಿಲ್ಲ. ಕಳೆದ ಏಳು ವರ್ಷ ನಾನು ನನಗೆ ಹೇಳಿಕೊಂಡ ಕಾರಣ ಅದು.

ಪದ್ಮಯ್ಯನ ಸಾವಿನ ಸುದ್ದಿ ಅದೇ ದಿನ ಬೇರೆ ಪುಟದಲ್ಲಿತ್ತು. ಅದನ್ನು ಬೇರೆಯವರು ಬರೆದಿದ್ದರು. ಎರಡನ್ನೂ ಕೂಡಿಸಿ ಓದಿದವರು ಕೋರೆಯವರು ಮಾತ್ರ. ವಿಚಾರಣೆಗೆ ಅಧಿಕಾರಿ ಬಂದಾಗ ಊರವರು ಒಂದು ದೊಡ್ಡ ಸದ್ದು ಕೇಳಿತು ಎಂದರು. ಕೋರೆಯ ಮೇಸ್ತ್ರಿ ಪತ್ರಿಕೆ ಬಿಡಿಸಿ ಒಳಪುಟದ ಚೌಕ ತೋರಿಸಿದ. ಅಲ್ಲಿಗೆ ಮುಗಿಯಿತು. ನನ್ನ ನಾಲ್ಕು ಸಾಲು ಇಂಗ್ಲಿಷಿಗೆ ಹೋಗಿ ಒಂದು ಸಾಲಾಯಿತು.

ಭವ್ಯಶ್ರೀಗೆ ನಾನು ಅರ್ಥ ಹೇಳಿದೆ. ಕದಿನದ ಸದ್ದು ಚುರುಕು, ಕಿವಿಗೆ ಹೊಡೆದು ನಿಲ್ಲುತ್ತದೆ. ಕೋರೆಯದ್ದು ಅಂಗಾಲಿಗೆ ಮೊದಲು ಗೊತ್ತಾಗುತ್ತದೆ, ಅದಕ್ಕೆ ಈ ಪದ ಹೆಚ್ಚು ಸರಿ ಎಂದೆ. ಅವಳು ಬರೆದುಕೊಂಡಳು. ಅನಂತರ ಪೆನ್ನು ಮುಚ್ಚಿ ಹೇಳಿದಳು, “ಆದ್ರೆ ವಕೀಲರು ಹೇಳ್ತಾರೆ, ಬರೆದವರಿಗೆ ಆ ವ್ಯತ್ಯಾಸ ಗೊತ್ತಿತ್ತು ಅಂತ ಎಂಥ ಗ್ಯಾರಂಟಿ? ಪದ ಸಾಕ್ಷಿ ಅಲ್ಲ, ಕೇಳಿದ ಮನುಷ್ಯ ಬೇಕು ಅಂತ.” ಮತ್ತೆ ಫೈಲಿನಿಂದ ಪತ್ರಿಕೆಯ ಆ ಚೌಕ ತೆಗೆದಳು. ಹಳದಿಯಾಗಿತ್ತು. “ಸರ್, ನಿಮಗೆ ಆಫೀಸಿನಲ್ಲಿ ಗುರುತಿನವರು ಇರ್ತಾರಲ್ಲ. ಇದು ಯಾರು ಬರೆದದ್ದು ಅಂತ ಕೇಳ್ಲಿಕ್ಕೆ ಆಗ್ತದಾ?”

“ನೋಡ್ತೇನೆ,” ಎಂದೆ. ನನ್ನ ಹೆಂಡತಿ ತಂದಿಟ್ಟ ಚಹಾ ಕುಡಿದು ಅವಳು ಬಸ್ಸಿಗೆ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದದ್ದನ್ನು ಅವಳು ನಮ್ಮ ಮತದ ಕ್ರಮ ಎಂದುಕೊಂಡಿರಬೇಕು.

ಆ ರಾತ್ರಿಯೇ ನಿನ್ನ ಹತ್ತಿರ ಈ ಪದ ಕೇಳಿದೆ. ನೀನು ಬರೆದ ಅರ್ಥ ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಉದಾಹರಣೆ ಬರೆಯಲು ಕುಳಿತೆ. ಮೊದಲನೆಯದು, ಚಾರ್ಮಾಡಿ ಘಾಟಿಯಲ್ಲಿ ಗುಡುಗಿನ ಬೂಮ್ ಕೇಳಿ ಬಸ್ಸಿನ ಮಕ್ಕಳು ಎಚ್ಚರವಾದರು ಎಂದು. ಓದಿದರೆ ಮಕ್ಕಳು ಹೋಗಿ ಬಟ್ಟಲು ಹಿಡಿದ ಅತ್ತಿಗೆ ಬಂದಳು. ಎರಡನೆಯದು ಸಮುದ್ರದ ಮೇಲೆ. ಅದರಲ್ಲೂ ಸದ್ದು ಆದಮೇಲೆ ಯಾರೋ ವಾಪಸು ಬರುವುದಿಲ್ಲ ಎಂಬಂತೆ ವಾಕ್ಯ ಮುಗಿಯಿತು. ಮೂರನೆಯದನ್ನು ಬರೆಯಲೇ ಇಲ್ಲ. ನಮ್ಮ ಅಂಕಣಕ್ಕೆ ಆನೆ, ಮಾವು, ಶಾಲೆ, ಬಸ್ಸು ಇವುಗಳ ಮೇಲೆ ಎಷ್ಟು ಸಾವಿರ ವಾಕ್ಯ ಬರೆದಿಲ್ಲ ನಾನು.

ಅಣ್ಣನ ವಿಷಯ ನಿನಗೆ ಗೊತ್ತಿರುವುದೇ. ಆ ವರ್ಷವೇ ಕಮಿಟಿಯವರು ಸೈರನ್ ತಂದರು, ಕುಂಡಗಳನ್ನು ಗೋಣಿಯಲ್ಲಿ ಕಟ್ಟಿ ಉಗ್ರಾಣದಲ್ಲಿಟ್ಟರು. ಅವನನ್ನು ಯಾರೂ ಬೈಯಲಿಲ್ಲ. ಅದೇ ಕಷ್ಟವಾಯಿತು ಅವನಿಗೆ. ಮದುವೆ ಮನೆಯಲ್ಲಿ ಯಾರಾದರೂ “ಊಟಕ್ಕೆ ಏಳುವಾ?” ಎಂದರೆ “ಅದ್ರಾಮಾಕನನ್ನು ಕೇಳಿ, ಅವರಿಗೆ ಮೊದಲೇ ಗೊತ್ತಾಗ್ತದೆ” ಎನ್ನುವರು. ಅವನೂ ನಗುತ್ತಿದ್ದ. ಅವನು ನನ್ನನ್ನು ಒಂದೇ ಸಲ ಕೇಳಿದ್ದು. ಬಕ್ರೀದಿನ ಮರುದಿನ ನಮ್ಮ ಜಗಲಿಯಲ್ಲಿ ಇಬ್ಬರೇ ಇದ್ದೆವು.

“ಕುಂಞಿ, ನೀನು ಆ ದಿನ ದಾರಿಯಲ್ಲಿ ಇದ್ದದ್ದಲ್ವಾ? ನೀನು ಎಷ್ಟು ಕೇಳಿದ್ದು?”

“ಎಷ್ಟು ಅಂದ್ರೆ?”

“ಸದ್ದು. ಎಷ್ಟು? ಯಾವ ದಿಕ್ಕಿನಿಂದ?”

“ಸ್ಕೂಟರಿನಲ್ಲಿ ಎಂಥದೂ ಕೇಳ್ಲಿಲ್ಲ ಕಾಕ,” ಎಂದೆ.

“ಹೌದಾ,” ಎಂದ. ಎದ್ದು ಹೋದ. ಮತ್ತೆ ಕೇಳಲಿಲ್ಲ. 2022ರಲ್ಲಿ ತೀರಿಕೊಳ್ಳುವವರೆಗೂ ಕೇಳಲಿಲ್ಲ. ಕೊನೆಯ ಎರಡು ರಂಜಾನಿನಲ್ಲಿ ಅವನು ಸೈರನ್ ಕೂಗುವ ಮೊದಲು ಅಂಗಳದ ಮೂಲೆಯಲ್ಲಿ, ಕುಂಡ ಇಡುತ್ತಿದ್ದ ಕಲ್ಲಿನ ಹತ್ತಿರ ನಿಂತಿರುತ್ತಿದ್ದ. ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಬೆಂಕಿಯ ಕೋಲು ಹಿಡಿಯುವಾಗ ಮುಖವನ್ನು ಹೇಗೆ ಒಂದು ಬದಿಗೆ ತಿರುಗಿಸುತ್ತಿದ್ದನೋ ಹಾಗೆಯೇ ತಿರುಗಿಸಿಕೊಂಡು ನಿಲ್ಲುತ್ತಿದ್ದ.

ಅತ್ತಿಗೆ ಈಗಲೂ ಸೈರನಿಗೆ ಉಪವಾಸ ಬಿಡುವುದಿಲ್ಲ. ಈ ವರ್ಷದ ರಂಜಾನಿನಲ್ಲಿ ಒಂದು ಸಂಜೆ ನಾನು ಅಲ್ಲಿದ್ದೆ. ಸೈರನ್ ಆಯಿತು, ಬಾಂಗ್ ಆಯಿತು, ಎಲ್ಲರೂ ತಿನ್ನತೊಡಗಿದೆವು. ಆಕೆ ಖರ್ಜೂರ ಬೆರಳಲ್ಲಿ ಹಿಡಿದು ಕುಳಿತೇ ಇದ್ದಳು.

“ತಿನ್ನಿ ಅತ್ತಿಗೆ, ಹೊತ್ತಾಯ್ತು,” ಎಂದೆ.

“ನೀವು ತಿನ್ನಿ. ಎರಡನೆಯದು ಕೇಳ್ಲಿ,” ಎಂದಳು.

ಅವಳ ಸೊಸೆ ನನಗೆ ಸುಮ್ಮನಿರುವಂತೆ ಕಣ್ಣಿನಲ್ಲೇ ಹೇಳಿದಳು. ಅಣ್ಣ ಸತ್ತ ಮೇಲೆ ದಿನಾ ಹೀಗೆಯಂತೆ. ಹನ್ನೊಂದು ನಿಮಿಷ ಕಾಯುತ್ತಾಳೆ. ಅಷ್ಟು ಹೊತ್ತಿಗೆ ಸರಿಯಾಗಿ ಆಕೆಯ ಮುಖ ಸಡಿಲವಾಗುತ್ತದೆ, “ಹಾಂ” ಎಂದು ತಿನ್ನುತ್ತಾಳೆ. ನಾನು ಆ ದಿನ ಗಡಿಯಾರ ನೋಡಿದೆ. ಆಕೆ ನೋಡಿರಲಿಲ್ಲ. ನನ್ನ ಕಾಲಿನ ಕೆಳಗೆ ನೆಲ ಒಮ್ಮೆ ನಡುಗಿದ ಹಾಗೆ ಆಯಿತು. ಕೋರೆ ಮುಚ್ಚಿ ಐದು ವರ್ಷವಾಗಿದೆ, ಅದರಲ್ಲಿ ಈಗ ನೀರು ನಿಂತಿದೆ ಎಂದು ನನಗೆ ಗೊತ್ತು. ನೀನು ಇದನ್ನು ವಯಸ್ಸು ಎಂದು ಬೇಕಾದರೆ ಹೇಳು. ನಡುಗಿದ್ದು ಮಾತ್ರ ಹೌದು.

ಭವ್ಯಶ್ರೀ ಎರಡನೆಯ ಸಲ ಬಂದದ್ದು ಅಕ್ಟೋಬರ್ ಹದಿನೆಂಟಕ್ಕೆ. ಈ ಸಲ ಚಹಾ ಬೇಡ ಎಂದಳು. ಪತ್ರಿಕೆಯ ಕಚೇರಿಗೆ ತಾನೇ ಹೋಗಿ ಕೇಳಿದ್ದಳು. ಜಿತೇಶ್ ಹಳೆಯ ಕಡತ ತೆಗೆಸಿ ಹೇಳಿದ್ದ. ಅವನಿಗೆ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ, ಕಾಣಬೇಕಾಗಿಯೂ ಇಲ್ಲ.

“ನೀವೇ ಬರೆದದ್ದಂತೆ ಸರ್.”

“ಹೌದು.”

ಅವಳು ಗಲಾಟೆ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಬಾಗಿಲ ಹತ್ತಿರವೇ ನಿಂತು, ಔಷಧಿ ಅಂಗಡಿಯಲ್ಲಿ ‘ಊಟದ ಮೊದಲಾ, ನಂತರವಾ’ ಎಂದು ಕೇಳುವ ಧ್ವನಿಯಲ್ಲಿ ಕೇಳಿದಳು, “ನೀವು ಎಷ್ಟು ಕೇಳಿದ್ದು?”

ಅಣ್ಣ ಕೇಳಿದ ಮಾತೇ. ಅವಳಿಗೆ ಅದು ಗೊತ್ತಿರಲು ಸಾಧ್ಯವಿಲ್ಲ.

“ಎರಡು,” ಎಂದೆ. “ಮೊದಲಿನದ್ದು ಗುಡ್ಡದ ಕಡೆಯಿಂದ. ಅದು ಕೋರೆಯದ್ದು.”

ಅವಳು ಕುಳಿತಳು. ನನ್ನ ಹೆಂಡತಿ ಒಳಗಿನಿಂದ ಬಂದು ನನ್ನ ಮುಖ ನೋಡಿ ಮತ್ತೆ ಒಳಗೆ ಹೋದಳು. “ಇದನ್ನು ಕೋರ್ಟಿನಲ್ಲಿ ಹೇಳ್ತೀರಾ?” ಎಂದಳು ಭವ್ಯಶ್ರೀ. ಹೇಳುತ್ತೇನೆ ಎಂದೆ. “ಆಗ ಯಾಕೆ ಹೇಳ್ಲಿಲ್ಲ?” ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನಾಲ್ಕು ಸಾಲಿನ ಚೌಕದ ಕತೆ ಹೇಳುತ್ತಿದ್ದೆನೋ ಏನೋ. ಹೋದ ಸೋಮವಾರ ಕೋರ್ಟಿನಿಂದ ಸಮನ್ಸ್ ಬಂದಿದೆ.

ಮಸೀದಿಯ ಕಮಿಟಿಯ ಇಬ್ಬರು ನಿನ್ನೆ ಬಂದಿದ್ದರು. “ಈಗ ಅದನ್ನು ಎತ್ತಿ ಎಂಥ ಪ್ರಯೋಜನ ಕುಂಞಿಯಾಕ? ಸತ್ತವರು ಸತ್ತರು,” ಎಂದರು. ಉಗ್ರಾಣದ ಗೋಣಿ ಬಿಚ್ಚಿ ಆ ಎರಡು ಕುಂಡಗಳನ್ನು ಅತ್ತಿಗೆಯ ಮನೆಗೆ ತಲುಪಿಸಿ ಎಂದೆ. ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲ. ಆದರೂ ತಲುಪಿಸುತ್ತೇವೆ ಎಂದರು.

ಅಂಕಣವನ್ನು ನೀನು ಬೇರೆ ಯಾರ ಜೊತೆಗಾದರೂ ಮುಂದುವರಿಸು. ಉದಾಹರಣೆ ವಾಕ್ಯಕ್ಕೆ ಜಿತೇಶ್ ಆಗಬಹುದು, ಕನ್ನಡ ಚೆನ್ನಾಗಿದೆ. ಈ ಪದವನ್ನು ಬಿಟ್ಟು ಮುಂದಿನದಕ್ಕೆ ಹೋಗಿ.

ನಿನ್ನ ಮನೆಯವರಿಗೆ ನನ್ನ ನಮಸ್ಕಾರ. ಮೊಮ್ಮಗಳು ವಿಸ್ಮಿತಾಳಿಗೆ ಈ ಸಲ ಪರೀಕ್ಷೆಯಲ್ಲಿ ಒಳ್ಳೆಯದಾಗಲಿ ಎಂದು ನನ್ನ ದುವಾ ಇದೆ ಎಂದು ಹೇಳು. ಮೊಣಕಾಲು ನೋಡಿಕೋ, ಮೆಟ್ಟಿಲು ಹತ್ತಬೇಡ.

ಇಂತು ನಿನ್ನ
ಮಹಮ್ಮದ್ ಕುಂಞಿ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ತಿದ್ದುಪಡಿ ಉಂಟು. ಜಾಗ ಇಲ್ಲದ್ದು ಕಾರಣವಲ್ಲ. ಹೇಳಿದ್ದರೆ ಡೆಸ್ಕಿನವರು ಹತ್ತು ಸಾಲು ಕೊಡುತ್ತಿದ್ದರು.

ಆ ಸಂಜೆ ನಾನು ಬರುತ್ತಿದ್ದದ್ದು ನಿನ್ನ ಮನೆಯಿಂದ. ನೀನು ಮಳೆ ಬಿಡಲಿ ಎಂದೆ, ನಾನು ಹೊರಟೆ. ಕೋರೆಯ ಕೆಳಗಿನ ರಸ್ತೆಯಲ್ಲಿ ಪದ್ಮಯ್ಯ ಕೆಂಪು ಬಾವುಟ ಹಿಡಿದು ಅಡ್ಡ ನಿಂತಿದ್ದ. “ನಿಲ್ಲಿ ಸಾಹೇಬ್ರೇ, ಕಲ್ಲು ಹಾರ್ತದೆ. ಮಧ್ಯಾಹ್ನದ್ದು ಮಳೆಗೆ ಬಾಕಿ ಆದದ್ದು, ಈಗ ಹೊಡೀತಾರೆ. ಹತ್ತು ನಿಮಿಷ,” ಎಂದ. ನನಗೆ ಹತ್ತು ನಿಮಿಷ ಇರಲಿಲ್ಲ. “ನಮಗೆ ಉಪವಾಸ ಬಿಡುವ ಹೊತ್ತು ಮಾರಾಯ. ಹೋಗಿ ಸ್ವಲ್ಪ ನಿಲ್ಲಿಸ್ಲಿಕ್ಕೆ ಹೇಳು, ನಾನು ದಾಟಿಬಿಡ್ತೇನೆ,” ಎಂದೆ. ಅವನು ಫೋನು ತೆಗೆದು ನೋಡಿದ, ಸಿಗ್ನಲ್ ಇರಲಿಲ್ಲ. ಒಂದು ಸಲ ಗುಡ್ಡದ ಕಡೆ ನೋಡಿದ. “ಇದು ಹಿಡ್ಕೊಳ್ಳಿ. ಯಾರನ್ನೂ ಬಿಡಬೇಡಿ. ಹೇಳಿ ಈಗ ಬಂದೆ,” ಎಂದು ಬಾವುಟವನ್ನು ನನ್ನ ಕೈಗೆ ಕೊಟ್ಟು ಅಡ್ಡದಾರಿಯಲ್ಲಿ ಮೇಲಕ್ಕೆ ಓಡಿದ.

ಅವನು ಹೇಳಿದ ಹಾಗೆ ನಾನು ಯಾರನ್ನೂ ಬಿಡಲಿಲ್ಲ. ಯಾರೂ ಬರಲೂ ಇಲ್ಲ. ಆಮೇಲೆ ಸದ್ದು. ಸಣ್ಣ ಕಲ್ಲುಗಳು ರಸ್ತೆಯವರೆಗೆ ಉರುಳಿದವು. ಮೇಲೆ ಯಾರೋ ಕೂಗುತ್ತಿದ್ದರು. ಎರಡು ನಿಮಿಷ ಕಾದೆ. ಅವನು ಇಳಿದು ಬರಲಿಲ್ಲ, ನಾನು ಹತ್ತಿ ಹೋಗಲಿಲ್ಲ. ಸ್ಕೂಟರ್ ಹತ್ತಿ ಊರಿಗೆ ಬಂದೆ. ಅಣ್ಣನ ಕದಿನಕ್ಕೆ ಸರಿಯಾಗಿ ಖರ್ಜೂರ ತಿಂದೆ. ಇಡೀ ಊರಿನಲ್ಲಿ ಆ ದಿನದ ಉಪವಾಸ ಪೂರ್ತಿಯಾದದ್ದು ಅಣ್ಣನದು ಮತ್ತು ನನ್ನದು.

ಬಾವುಟ ನನ್ನ ಹತ್ತಿರವೇ ಉಂಟು. ಭವ್ಯಶ್ರೀಗೆ ಇನ್ನೂ ಹೇಳಿಲ್ಲ. ವಿಚಾರಣೆ ಬುಧವಾರ, 12ನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ, ಬಂಟ್ವಾಳ ಕೋರ್ಟಿನಲ್ಲಿ. ನಾನು ಎರಡನೆಯ ಸಾಕ್ಷಿ.